ಅತ್ತೆಗೆ ಸಮುದ್ರ ನೋಡಬೇಕಿತ್ತು

ನನ್ನ ಅತ್ತೆಯ ಕಿವಿಯ ತೂತುಗಳಲ್ಲಿ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಹಳೆಯ ಕಾಲದ ಭಾರದ ಓಲೆ ಹಾಕಿ ಹಾಕಿ ಜೋತುಬಿದ್ದ ಕಿವಿಗಳು. ನಾನು ಮದುವೆಯಾಗಿ ಘಟ್ಟದ ಬುಡದ ಪೆರಾಬೆಗೆ ಬರುವ ಹೊತ್ತಿಗೆ ಆ ಓಲೆಗಳು ಪೆಟ್ಟಿಗೆ ಸೇರಿದ್ದವು. ಅವುಗಳ ಬದಲಿಗೆ ಎಳೆಯ ತೆಂಗಿನ ಗರಿಯನ್ನು ಸುರುಳಿ ಸುತ್ತಿ ಎರಡೂ ಕಿವಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ತಲೆಯಲ್ಲಿ ಏನಾದರೂ ಯೋಚನೆ ಹೊಕ್ಕಿತೆಂದರೆ ಬಲಗಿವಿಯ ಸುರುಳಿಯನ್ನು ಮೆಲ್ಲಗೆ ತಿರುಗಿಸುತ್ತಾ ಕೂರುವುದು ಅವರ ಅಭ್ಯಾಸ. ಆಗ ಅವರ ಹತ್ತಿರ ಏನು ಕೇಳಿದರೂ ಸಿಗುತ್ತಿದ್ದ ಉತ್ತರ ಒಂದೇ, "ನೋಡುವ."

ಆ "ನೋಡುವ" ಹೌದೋ ಅಲ್ಲವೋ ಎಂದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮಾವನಿಗೇ ತಿಳಿಯದ ಮೇಲೆ ನನಗೆಲ್ಲಿ ತಿಳಿಯಬೇಕು? ಅತ್ತೆ ಮಾತನ್ನು ನಡುವಿನಿಂದ ಶುರು ಮಾಡುತ್ತಿದ್ದರು, ಕೊನೆ ಮುಟ್ಟಿಸುವ ಮೊದಲೇ ದನದ ಹಟ್ಟಿಗೆ ಹೋಗಿಬಿಡುತ್ತಿದ್ದರು. ಮುದ್ದಿನ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದವಳಲ್ಲ. ನಾನು ಸುರತ್ಕಲ್ಲಿನ ಆಚೆ ಕಡಲ ಬದಿಯಲ್ಲಿ ಹುಟ್ಟಿದವಳು. ಅದೇ ಅವರಿಗೆ ದಿನಬೆಳಗಾದರೆ ತಮಾಷೆ. ಗಂಜಿಗೆ ಕೂತಾಗ, "ಮೀನಿಲ್ಲದೆ ನಿನಗೆ ಗಂಟಲಲ್ಲಿ ಇಳಿಯುದಿಲ್ಲ ಅಲ್ವಾ ಹೆಣ್ಣೇ?" ಎನ್ನುತ್ತಿದ್ದರು. ನಿಜವಾಗಿಯೂ ಇಳಿಯುತ್ತಿರಲಿಲ್ಲ. ಆದರೆ ಅದಕ್ಕೆ ಮೀನು ಕಾರಣವಾಗಿರಲಿಲ್ಲ.

ನನ್ನ ಮದುವೆಯ ದಿನವೇ ಎರಡು ಮನೆಗಳಿಗೂ ಜಗಳವಾಗಿತ್ತು. ಕಾರಣ ಹೇಳಿದರೆ ಈಗ ನಗು ಬರುತ್ತದೆ. ಊಟದ ಪಂಕ್ತಿಯಲ್ಲಿ ಮಾವನ ಅಣ್ಣನಿಗೆ ಎರಡನೆಯ ಸಲ ಪಾಯಸ ಬರಲಿಲ್ಲ. ಅವರು ಕೇಳಿದರು. ಪಾಯಸ ಮುಗಿದಿತ್ತು. ನಾಚಿಕೆಯಲ್ಲಿದ್ದ ನನ್ನ ಅಪ್ಪ ಸುಮ್ಮನಿರುವುದು ಬಿಟ್ಟು, "ಘಟ್ಟದ ಬುಡದವರಿಗೆ ಎಷ್ಟು ಬಡಿಸಿದರೂ ಸಾಲುದಿಲ್ಲ" ಎಂದುಬಿಟ್ಟರು. ಮಾವ ಎಲೆಯಿಂದ ಎದ್ದರು. "ಈ ಮನುಷ್ಯ ನಮ್ಮಲ್ಲಿಗೆ ಬಂದು ಕರೆಯದೆ ನಮ್ಮವರು ಯಾರೂ ಇವರ ಮೆಟ್ಟಿಲು ಹತ್ತುದಿಲ್ಲ" ಎಂದು ಎಲ್ಲರೆದುರು ಹೇಳಿದರು. ಅಪ್ಪನೂ ಹಟಮಾರಿ, ಕರೆಯಲು ಬರಲೇ ಇಲ್ಲ. ಹೆಣ್ಣುಮಗಳನ್ನು ಚೊಚ್ಚಲ ಹೆರಿಗೆಗೆ ತವರಿನವರು ಬಂದು ಕರೆದೊಯ್ಯುವುದು ನಮ್ಮಲ್ಲಿ ಕ್ರಮ. ಆಗಲಾದರೂ ಬರುತ್ತಾರೆಂದು ನಾನು ದಾರಿ ನೋಡಿದೆ. ಯಾರೂ ಬರಲಿಲ್ಲ. ನನ್ನ ಮಗಳು ಪೆರಾಬೆಯಲ್ಲೇ ಹುಟ್ಟಿದಳು. ಅತ್ತೆಯೇ ಬೈಯುತ್ತಾ ಬಾಣಂತನ ಮಾಡಿದರು. ಮಗು ಎದ್ದು ನಿಲ್ಲಲು ಕಲಿತರೂ ನನ್ನ ಅಮ್ಮ ಅದರ ಮುಖ ಕಂಡಿರಲಿಲ್ಲ. ನನಗೆ ಅಮ್ಮನನ್ನು ಒಮ್ಮೆ ನೋಡಬೇಕಿತ್ತು, ಮಗುವನ್ನು ಅವಳ ಕೈಗೆ ಕೊಡಬೇಕಿತ್ತು. ಅಷ್ಟು ಬಿಟ್ಟು ಬೇರೇನೂ ಆಗ ನನ್ನ ತಲೆಯಲ್ಲಿರಲಿಲ್ಲ.

ಹೀಗಿರುವಾಗ, ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ, ಬಿಸು ಹಬ್ಬ ಕಳೆದ ಸುಡುಬಿಸಿಲಿನ ಒಂದು ಮಧ್ಯಾಹ್ನ ಅತ್ತೆ ಗಂಜಿ ಬಡಿಸುತ್ತಾ ಇದ್ದಕ್ಕಿದ್ದಂತೆ, "ನನಗೊಮ್ಮೆ ಸಮುದ್ರ ನೋಡ್ಬೇಕು" ಎಂದರು.

ಮಾವ ಕೈ ಬಟ್ಟಲಿನಲ್ಲಿಟ್ಟೇ ತಲೆ ಎತ್ತಿದರು. "ಎಂತಕ್ಕೆ?"

"ನೋಡ್ಲಿಕ್ಕೆ."

"ನೋಡ್ಲಿಕ್ಕೆ ಅಲ್ಲಿ ಎಂತ ಉಂಟು ಮಾರಾಯ್ತಿ? ನೀರು."

"ಎಲ್ಲರೂ ಒಟ್ಟಿಗೆ ಹೋಗುವ. ಮಗುವನ್ನೂ ಕರ್ಕೊಂಡು" ಎಂದು ಹೇಳಿ ಅತ್ತೆ ಹಟ್ಟಿಗೆ ನಡೆದರು.

ಆ ಕಾಲದಲ್ಲಿ ನಮ್ಮ ಕಡೆಯವರು ಸಮುದ್ರಕ್ಕೆ ಹೋಗುತ್ತಿದ್ದದ್ದು ಎರಡೇ ಕಾರಣಕ್ಕೆ. ಒಂದು ಅಮಾವಾಸ್ಯೆಯ ಸ್ನಾನ, ಇನ್ನೊಂದು ಸತ್ತವರ ಬೂದಿ ಬಿಡುವುದು. ಸುಮ್ಮನೆ ಸಂತೋಷಕ್ಕೆಂದು ಮನೆಮಂದಿಯೆಲ್ಲ ಬಸ್ಸು ಹತ್ತಿ ಕಡಲಿಗೆ ಹೋಗುವ ಸಂಗತಿಯನ್ನು ಯಾರೂ ಕೇಳಿರಲಿಲ್ಲ. ಸುದ್ದಿ ಹಬ್ಬಿದ ಮಾರನೆಯ ದಿನ ನೆರೆಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರು. "ನಮಗೆ ಒಂದು ಮಾತು ಹೇಳ್ಲಿಲ್ಲ ಅಲ್ವಾ? ಯಾರು ತೀರಿಹೋದದ್ದು?" ಯಾರೂ ಸತ್ತಿಲ್ಲ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಹೋಗುವಾಗಲೂ ಅವರು ಒಳಗಿನ ಕೋಣೆಯತ್ತ ಇಣುಕಿ, ಮಾವನನ್ನು ಕಣ್ಣಾರೆ ಕಂಡ ಮೇಲೆಯೇ ಹೊರಟರು.

ಅತ್ತೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದರು. ನೆರೆಮನೆಯಾಕೆಗೆ ಮೊಣಕಾಲು ನೋವು, ಬಿಸಿ ಮರಳಿನಲ್ಲಿ ಕಾಲು ಹೂತಿಟ್ಟರೆ ವಾಸಿಯಾಗುತ್ತದೆ ಎಂದರು. ನನ್ನ ಗಂಡನಿಗೆ ಯಾವುದೋ ಹಳೆಯ ಹರಕೆ ಎಂದರು. ನಾನು ಕೇಳಿದಾಗ, "ಬಿಸಿಲು ಕಾಯಿಸ್ಲಿಕ್ಕೆ" ಎಂದರು. ಅಂಗಳದಲ್ಲಿ ಕಾಲಿಟ್ಟರೆ ಅಂಗಾಲು ಸುಡುವ ಆ ದಿನಗಳಲ್ಲಿ ಬಿಸಿಲನ್ನು ಹುಡುಕಿಕೊಂಡು ಇನ್ನೊಂದು ಊರಿಗೆ ಹೋಗುವುದೇ? ನಾನು ಮತ್ತು ಗಂಡ ಈ ಕಾರಣಗಳನ್ನೆಲ್ಲ ಹೋಲಿಸಿ ನೋಡಿದಷ್ಟೂ ಗೊಂದಲ ಹೆಚ್ಚಾಯಿತು. "ಅಮ್ಮನಿಗೆ ಪಿತ್ತ ತಲೆಗೇರಿದೆ, ಎಳನೀರು ಕೊಡು" ಎಂದು ಗಂಡ ತೀರ್ಮಾನ ಕೊಟ್ಟರು. ಕೊಟ್ಟೆ. ಅತ್ತೆ ಅದನ್ನು ಕುಡಿದು, "ಹೊರಡುದು ಯಾವಾಗ?" ಎಂದು ಕೇಳಿದರು.

ಇದರ ನಡುವೆ ಮನೆಯಲ್ಲಿ ಒಣಮೀನು ರಾಶಿ ಬಿದ್ದಿತ್ತು. ಒಣಮೀನು ಮಾರುವ ಬ್ಯಾರಿಯೊಬ್ಬರು ಆಗಾಗ ಬರುತ್ತಿದ್ದರು. ನನ್ನ ತವರಿನ ಕಡಲ ಬದಿಯಿಂದಲೇ ಮೀನು ತರುವವರಾದ್ದರಿಂದ ನಾನು ಓಡಿಹೋಗಿ ಅಮ್ಮನ ಸುದ್ದಿ ಕೇಳುತ್ತಿದ್ದೆ. "ಸೌಖ್ಯ ಉಂಟು ತಂಗಿ" ಎಂದು ಯಾವಾಗಲೂ ಅಷ್ಟೇ ಹೇಳುತ್ತಿದ್ದರು. ಆಮೇಲೆ ಅತ್ತೆ ಅವರೊಡನೆ ಬೇಲಿಯ ದಣಪೆಯ ಹತ್ತಿರ ನಿಂತು ತುಂಬ ಹೊತ್ತು ಚೌಕಾಶಿ ಮಾಡುತ್ತಿದ್ದರು. ಅಷ್ಟು ಚೌಕಾಶಿ ಮಾಡಿಯೂ ಬೇಕಾದದ್ದಕ್ಕಿಂತ ಹೆಚ್ಚೇ ಕೊಂಡು ತರುತ್ತಿದ್ದರು. "ನಾವೆಂತ ಒಣಮೀನಿನ ಅಂಗಡಿ ಇಡುದಾ?" ಎಂದು ಮಾವ ಮೂಗು ಮುಚ್ಚಿಕೊಂಡು ಕೇಳಿದರೆ, "ನೋಡುವ" ಎಂದರು ಅತ್ತೆ.

ಕೊನೆಗೆ ಮಾವ ಸೋತು ಯೋಜನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಮಂಗಳೂರಿನ ಬಂದರಿನಲ್ಲಿ ನಮ್ಮ ಅಡಿಕೆ ಕೊಂಡು ತುಂಬಿಡುವ ಸಾಹುಕಾರರ ಬಂಡಸಾಲೆ ಇತ್ತು. ಅಡಿಕೆ ಒಯ್ದವರು ಅದರ ಮಹಡಿಯಲ್ಲಿ ರಾತ್ರಿ ಉಳಿಯುವುದು ವಾಡಿಕೆ. ಅಲ್ಲಿ ಒಂದು ರಾತ್ರಿ ಮಲಗುವುದು, ಬೆಳಿಗ್ಗೆ ಹತ್ತಿರದ ಸಮುದ್ರ ನೋಡುವುದು, ಸಂಜೆಯೊಳಗೆ ಮನೆ. ಆದರೆ ಅತ್ತೆ ಯಾವ ಸಮುದ್ರಕ್ಕೂ ಒಪ್ಪಲಿಲ್ಲ. ತಣ್ಣೀರುಬಾವಿಗೆ ದೋಣಿಯಲ್ಲಿ ಹೊಳೆ ದಾಟಬೇಕು, ಮಗುವಿಗೆ ಹೆದರಿಕೆ. ಸೋಮೇಶ್ವರದಲ್ಲಿ ಬಂಡೆ, ಜಾರಿದರೆ ಸೊಂಟ ಹೋಯಿತು. ಪಣಂಬೂರಿನ ಮರಳು ಒಳ್ಳೆಯದಲ್ಲವಂತೆ.

"ಸಮುದ್ರದಲ್ಲಿಯೂ ಆರಿಸ್ಲಿಕ್ಕೆ ಉಂಟಾ? ಎಲ್ಲ ಒಂದೇ ಸಮುದ್ರ ಅಲ್ವಾ!" ಮಾವ ಗದರಿದರು.

"ಒಂದೇ ಆದ್ರೆ ಸುರತ್ಕಲ್ಲಿನ ಆಚೆ ಹೋದ್ರೆ ನಿಮಗೆಂತ?"

ಅದು ನನ್ನ ತವರಿನ ಕಡಲು. ಮಾವ ಅತ್ತೆಯನ್ನು ಬಿಟ್ಟು ನನ್ನನ್ನೇ ನೋಡುತ್ತಾ, "ಸಮುದ್ರಕ್ಕೆ ಹೋಗುದು. ಯಾರ ಮನೆಗೂ ಹೋಗುದಲ್ಲ. ಗೊತ್ತಾಯ್ತಲ್ಲ?" ಎಂದರು. ಅತ್ತೆ ತಲೆಯಾಡಿಸಿದರು. ನನಗೆ ಅಳು ಬಂತು. ತವರಿನ ತೆಂಗಿನ ಮರ ಕಾಣುವಷ್ಟು ಹತ್ತಿರ ಹೋಗಿ ಹಿಂದೆ ಬರುವುದಕ್ಕಿಂತ ಪೆರಾಬೆಯಲ್ಲೇ ಇದ್ದರೆ ವಾಸಿ ಎನ್ನಿಸಿತು. ಈ ಹೆಂಗಸು ನನ್ನ ಹೊಟ್ಟೆ ಉರಿಸಲೆಂದೇ ಹೀಗೆ ಮಾಡುತ್ತಿದ್ದಾಳೋ ಎಂದೂ ಯೋಚಿಸಿದೆ.

ಅಂತೂ ಹೊರಟೆವು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಾಯಿಸಿ ಮಂಗಳೂರು, ಬಂಡಸಾಲೆಯಲ್ಲಿ ಅಡಿಕೆಯ ವಾಸನೆಯಲ್ಲಿ ನಿದ್ದೆ, ಬೆಳಿಗ್ಗೆ ಮತ್ತೆ ಬಸ್ಸು. ರಸ್ತೆಯಲ್ಲಿಳಿದು ಮರಳಿನ ದಾರಿ ಹಿಡಿದಾಗ ಬಿಸಿಲು ನೆತ್ತಿಗೇರಿತ್ತು. ಮಾವ ಕಪ್ಪು ಕೊಡೆ ಬಿಡಿಸಿ ಮುಂದೆ, ಹುರಿದಕ್ಕಿ ಉಂಡೆಯ ಡಬ್ಬಿ ಹೊತ್ತು ಗಂಡ ಹಿಂದೆ. ಮಗು ಅತ್ತೆಯ ಸೊಂಟದಲ್ಲಿ. ನನ್ನ ತವರುಮನೆಯ ಮಾಡು ಎಡಬದಿಯಲ್ಲಿ ಕಂಡಿತು. ನಾನು ಮುಖ ತಿರುಗಿಸಿ ನಡೆದೆ. ಮರಳಿನ ಮೇಲೆ ಎಳೆದಿಟ್ಟ ಒಂದು ದೋಣಿಯ ನೆರಳಲ್ಲಿ ಕೂತೆವು. ಎದುರಿಗೆ ಸಮುದ್ರ ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಲೆಂದು ಇಷ್ಟು ದೂರ ಬಂದ ಅತ್ತೆ ಮಾತ್ರ ಅದಕ್ಕೆ ಬೆನ್ನು ಹಾಕಿ, ತೆಂಗಿನ ತೋಟದ ಕಡೆ ನೋಡುತ್ತಾ ಕೂತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಆ ತೋಟದಿಂದ ಒಬ್ಬ ಹೆಂಗಸು ಮೆಲ್ಲಗೆ ನಡೆದು ಬಂದಳು. ಕೈಯಲ್ಲಿ ಬಾಳೆಲೆ ಮುಚ್ಚಿದ ಮಣ್ಣಿನ ಪಾತ್ರೆ. ನಡಿಗೆ ನೋಡಿ ನನಗೆ ಗುರುತೇ ಸಿಗಲಿಲ್ಲ. ಹತ್ತಿರ ಬಂದಾಗ ಪುಳಿಮುಂಚಿಯ ವಾಸನೆ ಬಂತು, ಬೂತಾಯಿ ಮೀನಿಗೆ ಹುಳಿ ಖಾರ ಹಾಕಿ ಅಮ್ಮ ಮಾಡುತ್ತಿದ್ದ ಪುಳಿಮುಂಚಿ. ನಾನು ಬಿಸಿ ಮರಳಿನಲ್ಲಿ ಬರಿಗಾಲಲ್ಲಿ ಓಡಿದೆ.

ಮಾವ ಎದ್ದು ನಿಂತರು. "ಎಂತ ಇದು?"

"ಎಂತದು? ನಾವು ಯಾರ ಮನೆಗೂ ಹೋಗ್ಲಿಲ್ಲ" ಎಂದರು ಅತ್ತೆ. "ಸಮುದ್ರದ ಬದಿಗೆ ಯಾರು ಬೇಕಾದ್ರೂ ಬರ್ಬಹುದು. ಇದಕ್ಕೆ ಮೆಟ್ಟಿಲು ಉಂಟಾ?"

ಮಾವ ಕೊಡೆ ಹಿಡಿದುಕೊಂಡು ನೀರಿನಂಚಿನಲ್ಲಿ ಬಡಗು ದಿಕ್ಕಿಗೆ ನಡೆದುಹೋದರು. ತೋಟದ ಅಂಚಿನಲ್ಲಿ ಅಪ್ಪ ಒಂದು ತೆಂಗಿನ ಮರ ಹಿಡಿದು ನಿಂತಿದ್ದರು, ಅಲ್ಲಿಂದ ಒಂದು ಹೆಜ್ಜೆ ಮುಂದೆ ಬರಲಿಲ್ಲ. ಅತ್ತೆ ಮಗುವನ್ನು ಅಮ್ಮನ ಮಡಿಲಿಗಿಟ್ಟು, "ತೆಕ್ಕೊಳ್ಳಿ ಅಕ್ಕ, ಮೂಗು ನಿಮ್ಮದೇ" ಎಂದು ಹೇಳಿ ದೂರ ಹೋಗಿ ಕೂತರು.

ಆ ಮಧ್ಯಾಹ್ನ ನಾನು ಅಮ್ಮನಿಗೆ ಹೇಳಿದ್ದೆಲ್ಲ ಅತ್ತೆಯ ಹುಚ್ಚಿನ ಕಥೆ. ಮೊಣಕಾಲಿನ ಮರಳು, ಬಿಸಿಲು ಕಾಯಿಸುವುದು, ಒಣಮೀನಿನ ರಾಶಿ, ಮಾವನನ್ನು ಇಣುಕಿ ನೋಡಿದ ನೆರೆಮನೆಯಾಕೆ, ಎಲ್ಲವನ್ನೂ ಅಭಿನಯ ಮಾಡಿ ತೋರಿಸಿದೆ. ಅಮ್ಮ ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡಳು. ನಾವು ನಗುವುದನ್ನು ಕಂಡು ಮಗುವೂ ನಕ್ಕಿತು. "ನೀನು ತುಂಬ ಸೋತಿದ್ದಿ ಅಮ್ಮ" ಎಂದರೆ, "ಬಿಸಿಲು ಮಗಾ" ಎಂದಳು. ಹೊರಡುವಾಗ ಅಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. ಇವರಿಬ್ಬರಿಗೆ ಯಾವಾಗಿನ ಸ್ನೇಹ ಎಂದು ನನಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಗಂಡ, "ಅಮ್ಮಾ, ಸಮುದ್ರ ಹೇಗಿತ್ತು?" ಎಂದು ಕೇಳಿದರು. "ದೊಡ್ಡದುಂಟು" ಎಂದು ಹೇಳಿ ಅತ್ತೆ ನಿದ್ದೆ ಹೋದರು.

ಅದೇ ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮ ತೀರಿಕೊಂಡಳು. ಸಾವಿನ ಮನೆಗೆ ಕರೆಯದೆಯೇ ಹೋಗಬೇಕು. ಸುದ್ದಿ ಬಂದದ್ದೇ ತಡ, ಹೆಗಲಿಗೆ ಬೈರಾಸು ಹಾಕಿ ಮೊದಲು ಅಂಗಳಕ್ಕಿಳಿದವರು ಮಾವ. ಅಲ್ಲಿ ಅಪ್ಪನೇ ನನಗೆ ಹೇಳಿದರು. ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇತ್ತು, ಡಾಕ್ಟರು ಕೈಬಿಟ್ಟಿದ್ದರು. ಅಮ್ಮ ಅದನ್ನು ಒಣಮೀನಿನ ಬ್ಯಾರಿಯ ಮೂಲಕ ಅತ್ತೆಗೆ ಒಬ್ಬರಿಗೇ ಹೇಳಿ ಕಳಿಸಿದ್ದಳು. ದಣಪೆಯ ಹತ್ತಿರ ನಡೆಯುತ್ತಿದ್ದದ್ದು ಚೌಕಾಶಿಯಾಗಿರಲಿಲ್ಲ. ನಾವು ಬರುವ ದಿನ, ಕೂರುವ ಜಾಗ, ಎಲ್ಲವೂ ಅಲ್ಲಿಯೇ ನಿಶ್ಚಯವಾಗಿತ್ತು.

ಪೆರಾಬೆಗೆ ಹಿಂದೆ ಬಂದ ಮೇಲೆ ನಾನು ಅತ್ತೆಯೆದುರು ನಿಂತೆ. "ನಿಮಗೆ ಎಲ್ಲ ಗೊತ್ತಿತ್ತು. ನನಗೆ ಯಾಕೆ ಹೇಳ್ಲಿಲ್ಲ?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಹೇಳ್ಬೇಡಿ ಅಂತ ನಿನ್ನ ಅಮ್ಮನೇ ಹೇಳಿ ಕಳಿಸಿದ್ದು. ಹೇಳಿದ್ರೆ ನೀನು ಅಲ್ಲಿ ಇಡೀ ದಿನ ಅಳ್ತಿದ್ದಿ. ಅವರಿಗೆ ನೋಡ್ಬೇಕಾದ್ದು ಅದಾ?"

ಅತ್ತೆ ಆಮೇಲೆ ತುಂಬ ವರ್ಷ ಬದುಕಿದ್ದರು. ಎಷ್ಟೋ ಸಲ ಆ ಮಾತು ಎತ್ತಿದೆ. "ನನಗೆ ಸಮುದ್ರ ನೋಡ್ಬೇಕಿತ್ತು, ಅಷ್ಟೇ" ಎಂದು ಹಾರಿಸಿಬಿಡುತ್ತಿದ್ದರು. ಅವರು ಹೋದ ದಿನ ನಾನು ಅತ್ತದ್ದನ್ನು ಕಂಡು ನೆರೆಯವರಿಗೆ ಆಶ್ಚರ್ಯ. ಅತ್ತೆಗೆ ನನ್ನ ಮೇಲೆ ಪ್ರೀತಿ ಇತ್ತೇ, ಅಮ್ಮನ ಮೇಲೆ ಕನಿಕರವೇ, ಗಂಡಸರ ಹಟವನ್ನು ಮುರಿಯದೆಯೇ ಗೆಲ್ಲುವ ಆಸೆಯೇ? ಇವತ್ತಿಗೂ ನನಗೆ ತಿಳಿದಿಲ್ಲ. ಅಮ್ಮನ ಕಾಯಿಲೆ ಗೊತ್ತಿದ್ದರೆ ಅವಳ ತಲೆ ನೇವರಿಸುತ್ತಿದ್ದೆನಲ್ಲ ಎಂದು ಕೆಲವು ಸಲ ಅತ್ತೆಯ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಮ್ಮ ಕೊನೆಯ ಸಲ ಕಂಡಾಗ ಅವಳ ಮಗಳು ನಗುತ್ತಿದ್ದಳು. ಅಷ್ಟನ್ನು ಅತ್ತೆ ನಮ್ಮಿಬ್ಬರಿಗೂ ಮಾಡಿಕೊಟ್ಟರು.