ಮೂರೇ ಮ್ಯಾಚಿನ ಶಾರ್ಟ್‌ಸ್ಟಾಪ್

ಗಿರಿಜಾ, ನಿನ್ನನ್ನು ಸಾಫ್ಟ್‌ಬಾಲ್ ಟೀಮಿನಿಂದ ತೆಗೆದವರು ನಿಮ್ಮ ಕೋಚ್ ಸರ್ ಅಲ್ಲ. ತೆಗೆಸಿದವಳು ನಾನು — ನಿನ್ನ ಅವ್ವ.

ನಿನ್ನ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಇದಕ್ಕೆ ‘ಲೈ’, ಸುಳ್ಳು, ಎನ್ನುತ್ತಿದ್ದರು. ನಾನು ಇಷ್ಟು ವರ್ಷ ‘ಅಡ್ಜಸ್ಟ್‌ಮೆಂಟ್’ ಎಂದುಕೊಂಡೆ.

ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ನೀನು ಸ್ಟೇಟ್ ಟೀಮಿನ ಶಾರ್ಟ್‌ಸ್ಟಾಪ್ — ಎರಡನೇ, ಮೂರನೇ ಬೇಸ್‌ಗಳ ನಡುವೆ, ಚೆಂಡು ಸಿಡಿದು ಬರುವ ಜಾಗ. ಮೂರನೆಯ ಮ್ಯಾಚಿನಲ್ಲಿ ಬಲಗೈ ಬೆರಳು ಮುರಿಯಿತು. ನೀನು ಅಪ್ಪನ ಜೊತೆ ರಾಮದಾಸಪೇಠದ ಆಸ್ಪತ್ರೆಗೆ ಹೋಗಿದ್ದಾಗ ಸರ್ ಮನೆಗೆ ಬಂದರು. “ವಹಿನಿ, ಬೋಟ್ ಬರೋಬರ್ ಹೋಯೀಲ್. ತಿಚೀ ಜಾಗಾ ತಿಚೀಚ್.” ಬೆರಳು ಸರಿಹೋಗುತ್ತದೆ, ಅವಳ ಜಾಗ ಅವಳದೇ — ಎಷ್ಟು ನೇರವಾದ ಮಾತು!

ಆದರೆ ಆ ಭಾನುವಾರ ನಿನ್ನನ್ನು ನೋಡಲು ಹುಬ್ಬಳ್ಳಿಯವರು ಬರುವವರಿದ್ದರು. ಅಪ್ಪನ ಫ್ಯಾಕ್ಟರಿ ಕೆಲಸಕ್ಕೆಂದು ನಾಗಪುರಕ್ಕೆ ಬಂದ ನಮಗೆ ಊರ ಕಡೆಯ ಸಂಬಂಧ ಸಿಗುವುದೇ ಅಪರೂಪ. ಮಣ್ಣಲ್ಲಿ ಬಿದ್ದೇಳುವ, ಮರಾಠಿಯಲ್ಲಿ ಕೂಗಾಡುವ ಹುಡುಗಿ ಎಂದು ತಿಳಿದರೆ...

ಅವಳೇ ಆಟ ಬಿಟ್ಟಿದ್ದಾಳೆ ಎಂದು ಸರ್‌ಗೆ ಹೇಳಿಬಿಟ್ಟೆ. ಸಂಜೆ ನಿನಗೆ, “ಸರ್ ಬ್ಯಾರೆ ಹುಡುಗೀನ ತಗೊಂಡಾರವ್ವಾ” ಎಂದೆ. ನೀನು ಗ್ಲೌಸ್ ಎತ್ತಿ ಅಟ್ಟದ ಮೇಲಿಟ್ಟೆ.

ಭಾನುವಾರ ಹುಡುಗನ ತಾಯಿ ನಿನ್ನ ಪ್ಲಾಸ್ಟರ್ ನೋಡಿದರು. “ಕೈಗೆ ಏನಾಗೈತಿ?”

“ಚೆಂಡು ಹಿಡದೆ ರೀ.”

“ಬಿಟ್ಟಬಿಡಬೇಕಿತ್ತಿಲ್ಲ!”

“ಬಿಟ್ಟಿದ್ರ ಸೋಲ್ತಿದ್ವಿ ರೀ.”

ಆಕೆ ಗಹಗಹಿಸಿ ನಕ್ಕು ಮಗನ ಕಡೆ ತಿರುಗಿದರು. “ನೋಡಪಾ, ಈಕಿ ಕೈಯಾಗ ಸಿಕ್ಕರ ನೀ ತಪ್ಪಿಸ್ಕೊಳ್ಳಾಂಗಿಲ್ಲ!”

ಅಲ್ಲೇ ಒಪ್ಪಿದರು. ನನ್ನ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ. ಆಗಲೇ ನಿನಗೆ ಹೇಳಬಹುದಿತ್ತು, ಆದರೆ — ಇಲ್ಲ, ‘ಆದರೆ’ ಅಂತ ಏನೂ ಇಲ್ಲ.

ಮೊನ್ನೆ, ಅಳಿಯನ ಕೆಲಸಕ್ಕೆಂದು ನೀವು ಬಂದು ನೆಲೆಸಿದ ಇಲ್ಲೇ ಹತ್ತಿರದ ಖಾಪರಖೇಡಾದ ಶಾಲೆಯವರು ಹುಡುಗಿಯರಿಗೆ ಕೋಚ್ ಆಗಲು ಕೇಳಿದ್ದನ್ನು ಫೋನಿನಲ್ಲಿ ಹೇಳಿ ನಕ್ಕೆಯಲ್ಲ — “ನನ್ನಽ ತಗದಹಾಕಿದ್ರವ್ವಾ, ನಾ ಏನ್ ಕಲಸ್ಲಿ?” ಎಂದು. ರಿಸೀವರ್ ಇಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ.

ನಾಳೆ ಬಸ್ಸಿಗೆ ಬರುತ್ತಿದ್ದೇನೆ. ನಿನಗೆ ಕನ್ನಡ ಓದುವುದು ತುಸು ಕಷ್ಟ. ಇದನ್ನೆಲ್ಲ ನಿನ್ನೆದುರು ನಾನೇ ಓದುತ್ತೇನೆ. ಬೈಯಬೇಕೆನಿಸಿದರೆ ಬೈ. ಶಾಲೆಯವರಿಗೆ ಉತ್ತರವನ್ನು ಮಾತ್ರ ಅದಾದ ಮೇಲೆ ಕೊಡು.

ನಿನ್ನ ಮೂರು ಮ್ಯಾಚುಗಳಲ್ಲಿ ಒಂದಕ್ಕೂ ನಾನು ಬರಲಿಲ್ಲ, ಗಿರಿಜಾ. ನೀನು ಶಾಲೆಯವರಿಗೆ ಹೂಂ ಅಂದರೆ ಮೈದಾನದ ಅಂಚಿನಲ್ಲಿ ನನಗೊಂದು ಕುರ್ಚಿ ಹಾಕಿಸು — ಬಿಸಿಲಿದ್ದರೂ ಸರಿ, ಕೊನೆಯವರೆಗೂ ಕೂರುತ್ತೇನೆ.