ಹುಲಿಗೆಮ್ಮನ ತತ್ತಿಗಳ ಮೇಲೆ ಕುದುರಿದ ಕೈ

ಹುಲಿಗೆಮ್ಮ, ನಿನ್ನ ಅಂಡಗಳಲ್ಲಿ ಯಾವ ದೋಷವೂ ಇರಲಿಲ್ಲ. ಅವನ್ನು ಕೆಡಿಸಿದವಳು ನಾನು. ಕೆಡಿಸಿ, ದೋಷ ನಿನ್ನದೇ ಎಂದು ನಿನ್ನ ಅತ್ತೆಯ ಎದುರು ಹೇಳಿದವಳೂ ನಾನೇ.

ಆಂಧ್ರದ ಆದೋನಿಯ ಆ ಮಕ್ಕಳಾಗದವರ ಆಸ್ಪತ್ರೆಯಲ್ಲಿ ಲ್ಯಾಬು ನನ್ನ ಕೈಯಲ್ಲಿತ್ತು. ಕುರಿ ಕಾಯುವ ಗಂಡ, ಅತ್ತೆ, ನೀನು — ಮೂವರೂ ಆಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಿರಿ. ನಿನ್ನ ಗರ್ಭನಾಳ ಮುಚ್ಚಿತ್ತು, ಅಷ್ಟೇ. ಗಂಡನ ವೀರ್ಯ ಚೆನ್ನಾಗಿತ್ತು. ನಿನ್ನ ಅಂಡ, ಅವನ ವೀರ್ಯ ಎರಡನ್ನೂ ಲ್ಯಾಬಿನ ಒಂದೇ ತಟ್ಟೆಯಲ್ಲಿ ಬಿಟ್ಟು ಬೆಳಗಿನವರೆಗೆ ಸುಮ್ಮನಿದ್ದರೆ ಸಾಕು, ತಾವೇ ಕೂಡುತ್ತವೆ ಎಂದು ಡಾಕ್ಟರು ನನಗೆ ತೆಲುಗಿನಲ್ಲಿ ಬಿಡಿಸಿ ಹೇಳಿದ್ದರು.

ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಸೂಜಿಯಿಂದ ಅಂಡವನ್ನು ಚುಚ್ಚಿ ಒಳಗೆ ಒಂದೇ ವೀರ್ಯಾಣುವನ್ನು ಬಿಡುವ ಕೆಲಸ ಆಗಷ್ಟೇ ಕಲಿತು ಬಂದಿದ್ದೆ. ಕೈ ಇನ್ನೂ ಕುದುರಿರಲಿಲ್ಲ. ಯಾರ ಮೇಲಾದರೂ ಕುದುರಬೇಕಲ್ಲ — ನೀನು ಸಿಕ್ಕೆ. ಹೆಬ್ಬೆಟ್ಟಿನವಳು, ಏನೂ ಕೇಳುವವಳಲ್ಲ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ವೀರ್ಯ ಇವತ್ತು ಮಂದವಾಗಿದೆ, ತಾನಾಗಿ ಕೂಡದು ಎಂದು ಡಾಕ್ಟರಿಗೆ ಸುಳ್ಳು ಹೇಳಿ ಎಲ್ಲ ಅಂಡಗಳನ್ನೂ ಚುಚ್ಚಿದೆ, ಇನ್ನೂ ಬಲಿಯದವನ್ನೂ ಬಿಡಲಿಲ್ಲ. ಕೆಲವು ಕಣ್ಣೆದುರೇ ಒಡೆದು ಕಪ್ಪಾದವು. ಉಳಿದವು ಭ್ರೂಣವಾದವು ಎನ್ನುವುದಷ್ಟೇ — ಒಳಗೆಲ್ಲ ನುಚ್ಚುನುಚ್ಚು. ಅವನ್ನೇ ನಿನ್ನ ಗರ್ಭದಲ್ಲಿಟ್ಟರು. ನಿಲ್ಲಲಿಲ್ಲ.

ಡಾಕ್ಟರಿಗೆ ಕನ್ನಡ ಬಾರದು, ನಿಮಗೆ ಅವರ ತೆಲುಗು ಹತ್ತದು. ಅವರ ಮಾತನ್ನು ನಿಮಗೆ ದಾಟಿಸುವವಳು ನಾನು. ಮತ್ತೊಮ್ಮೆ ಪ್ರಯತ್ನಿಸೋಣ ಎಂದು ಅವರು ಹೇಳಿದರು.

"ಏನಂದ್ರಕ್ಕಾ? ಇನ್ನೊಂದ್ಸಲ ಮಾಡಬಹುದಂತೇನು?" ಎಂದು ನೀನು ನನ್ನ ಬಾಯನ್ನೇ ನೋಡುತ್ತ ಕೇಳಿದೆ.

ಮತ್ತೊಮ್ಮೆ ಮಾಡಿದರೆ, ತಟ್ಟೆಯಲ್ಲಿ ಬಿಟ್ಟು ಮಾಡಿದರೆ, ಒಳ್ಳೆಯ ಭ್ರೂಣ ಬಂದುಬಿಟ್ಟರೆ — ನನ್ನ ಬಣ್ಣ ಬಯಲಾಗುತ್ತಿತ್ತು.

"ಬ್ಯಾಡಂತಾರ. ನಿನ್ನ ತತ್ತೀನ ಸರಿ ಇಲ್ಲವ್ವಾ," ಎಂದೆ.

ನೀನು ತಲೆ ತಗ್ಗಿಸಿದೆ. ನಿನ್ನ ಅತ್ತೆ ಸೆರಗು ಕೊಡವಿ ಎದ್ದಳು. "ಗೊಡ್ಡು ಕುರಿ ಕಟ್ಟಿಕೊಂಡ್ರ ಹಿಂಡು ಬೆಳೀತೈತೇನು? ನಡಿ."

ಕೆಲವು ತಿಂಗಳ ಮೇಲೆ ನೀನೇ ಬಂದೆ. ಪಕ್ಕದಲ್ಲಿ ಅರಿಶಿನ ಹಚ್ಚಿದ ಕೆನ್ನೆಯ ನಿನ್ನ ತಂಗಿ ಸರೋಜ. ಅವಳನ್ನು ನಿನ್ನ ಗಂಡನಿಗೇ ಕೊಡುವುದೆಂದು ಆಗಿತ್ತು. ಅಷ್ಟು ಹೊತ್ತಿಗೆ ನನ್ನ ಕೈ ಪಳಗಿತ್ತು. ಎಮ್ಮಿಗನೂರಿನ ಹೆಂಗಸರೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು.

"ನಿಮ್ಮ ಕೈಗುಣ ಚಲೋ ಐತಿ ಅಂತಾರಕ್ಕಾ. ಈಕಿ ಉಡಿ ನೀವ ತುಂಬ್ರಿ. ಅವತ್ತು ಖರೇ ಹೇಳಿ ನಮ್ಮನಿ ಉಳಿಸಿದ್ರಿ," ಎಂದೆ ನೀನು.

ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಎಲ್ಲ ನೀನೇ ತಂದಿದ್ದೆ. ನಾನು ನಿನ್ನ ತಂಗಿಯ ಸೆರಗಿಗೆ ಒಂದೊಂದಾಗಿ ಹಾಕಿದೆ. ಕೈ ನಡುಗಲಿಲ್ಲ — ನಡುಗದಿರುವುದನ್ನು ನಿನ್ನ ಮೇಲೇ ಕಲಿತಿದ್ದೆನಲ್ಲ.

ಸರೋಜಳ ಮಗ ಈಗ ಶಾಲೆಗೆ ಹೋಗುತ್ತಾನಂತೆ. ನೀನು ಕುರಿಗಳ ಹಿಂದೆ ಹೋದವಳು ಕುರಿಹಟ್ಟಿಯಲ್ಲೇ ಮಲಗುತ್ತೀಯಂತೆ. ನಿನ್ನ ಹೆರುವ ವಯಸ್ಸು ಮೀರಿತು. ಈಗ ನಿಜ ಹೇಳಿದರೆ ನಿನಗೆ ಸಿಗುವುದು ಒಡಲುರಿ ಮಾತ್ರ, ಅದೂ ನನಗೆ ಗೊತ್ತು.

ಆದರೂ ನಾಳೆ ಆಲೂರಿಗೆ ಬರುತ್ತೇನೆ. ಅತ್ತೆ, ಗಂಡ, ತಂಗಿ ಎಲ್ಲರನ್ನೂ ಕೂರಿಸುತ್ತೇನೆ. ಯಾರ ಎದುರು ನಿನ್ನನ್ನು ಗೊಡ್ಡು ಮಾಡಿದೆನೋ ಅವರ ಎದುರೇ ಹೇಳಿ ಸೆರಗೊಡ್ಡುತ್ತೇನೆ. ನನ್ನ ಉಡಿಗೆ ಏನು ಹಾಕಬೇಕೋ ನೀನೇ ಹಾಕು.