ಹೊಟ್ಟೆ ಮುಚ್ಚದ ಕೌದಿ

ಬರ್ಮಿಂಗ್‌ಹ್ಯಾಮಿಗೆ ಬಂದ ಮೂರನೆಯ ದಿನ ಬಸ್ಸು ಹತ್ತಿದೆ. ಯಾರೂ ನನ್ನತ್ತ ನೋಡಲಿಲ್ಲ.

ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಸಿದ್ದಿಗಳಲ್ಲದಿದ್ದರೆ ಕೇಳಿಯೇ ಕೇಳುತ್ತೀರಿ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿಗೆ ನಾನು ಕಾಲಿಟ್ಟರೆ ಮೊದಲ ಸೀಟಿನಿಂದ ಕೊನೆಯ ಸೀಟಿನ ತನಕ ಕತ್ತುಗಳು ತಿರುಗುತ್ತಿದ್ದವು. ಗುಂಗುರು ಕೂದಲು, ಕಪ್ಪು ಮೈ. ಪಕ್ಕದಲ್ಲಿ ಕೂತವರು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಿದ್ದರು. ನಾನು ಕನ್ನಡದಲ್ಲಿ ಇಲ್ಲೇ ಯಲ್ಲಾಪುರ ಎಂದರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ, ಮೊದಲು ಎಲ್ಲಿ ಎಂದು ಮತ್ತೊಂದು ಪ್ರಶ್ನೆ. ಮೊದಲೂ ಯಲ್ಲಾಪುರವೇ. ನನ್ನ ಮುತ್ತಜ್ಜಿಯೂ ಅಲ್ಲಿಯವಳೇ.

ಇಲ್ಲಿ ಬಸ್ಸಿನ ತುಂಬ ನನ್ನಂಥ ಮುಖಗಳು. ಡ್ರೈವರ್ ಹೆಂಗಸು ನನ್ನನ್ನು 'ಬ್ಯಾಬ್' ಎಂದು ಕರೆದಳು. ಈ ಊರಿನವರು ಚಿಕ್ಕವರನ್ನೂ ದೊಡ್ಡವರನ್ನೂ ಹೀಗೇ ಕರೆಯುತ್ತಾರೆ, ನಮ್ಮಲ್ಲಿ 'ತಂಗಿ' ಎಂದ ಹಾಗೆ. ನನಗೆ ಹಗುರವೆನಿಸಬೇಕಿತ್ತು, ಎನಿಸಿತು ಕೂಡ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಅಳು ಬಂತು. ಯಾರಾದರೊಬ್ಬರು ಎಲ್ಲಿಯವಳು ಎಂದು ಕೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ನಾನು ನರ್ಸ್. ಹುಬ್ಬಳ್ಳಿಯಲ್ಲಿ ಓದಿ ಶಿರಸಿಯ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ದುಡಿದೆ. ಆಗ ಅಲ್ಲೇ ಹತ್ತಿರದ ಇಸಳೂರಿನಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ ಮೂರು ಮನೆಯವರು ನನ್ನನ್ನು ಕಂಡ ಮೇಲೆ ಕೋಣೆ ನಿನ್ನೆಯೇ ಹೋಯಿತು ಅಂದಿದ್ದರು. ನಾಲ್ಕನೆಯ ಮನೆಯ ಅಮ್ಮ ಏನನ್ನೂ ಕೇಳದೆ ಬೀಗದ ಕೈ ಕೊಟ್ಟು, ನೀರು ಬೆಳಿಗ್ಗೆ ಮಾತ್ರ ಬರುತ್ತದೆ, ತುಂಬಿಸಿಟ್ಟುಕೋ ಅಂದರು. ಆ ಮೂವರನ್ನು ಮರೆತಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನೆನೆಯುವುದು ನಾಲ್ಕನೆಯವರನ್ನು.

ಇಲ್ಲಿ ಕೋಣೆ ಸಿಕ್ಕಿದ್ದು ಬೆವರ್ಲಿಯಮ್ಮನ ಮನೆಯಲ್ಲಿ. ಜಮೈಕಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಇಲ್ಲಿಗೆ ಬಂದವರು, ಎಪ್ಪತ್ತು ದಾಟಿದೆ. ಬಾಗಿಲು ತೆರೆದವರೇ ನನ್ನ ತಲೆ ನೋಡಿ, ಈ ಕೂದಲಿಗೆ ಯಾರೂ ಎಣ್ಣೆ ಹಾಕಲು ಕಲಿಸಲಿಲ್ಲವೇ ಎಂದು ಗದರಿದರು. ಆ ಸಂಜೆಯೇ ತಮ್ಮ ಮೊಣಕಾಲ ನಡುವೆ ಕೂರಿಸಿ ಹೆಣೆದರು. ಯಲ್ಲಾಪುರದ ಶಾಲೆಯಲ್ಲಿ ನನ್ನ ಎರಡು ಜಡೆ ಎಂದೂ ಕೆಳಗೆ ಇಳಿಯದೆ ಆಚೀಚೆ ನಿಂತೇ ಇರುತ್ತಿದ್ದವು. ಇಲ್ಲಿ ಅದೇ ಕೂದಲಿಗೆ ಪ್ರತ್ಯೇಕ ಅಂಗಡಿಗಳಿವೆ.

ಊಟದ ವಿಷಯದಲ್ಲಿ ಇನ್ನೊಂದು ಸೋಜಿಗ. ಇಂಡಿಯನ್ ಅಂಗಡಿಗೆ ಹೋಗಿ ಹಿಂದಿಯಲ್ಲಿ ಕೊತ್ತಂಬರಿ ಕೇಳಿದೆ. ಅಂಗಡಿಯಾತ ಬೆರಗಾಗಿ, ಇಷ್ಟು ಚೆನ್ನಾಗಿ ಹಿಂದಿ ಎಲ್ಲಿ ಕಲಿತಿರಿ ಎಂದ. ನನ್ನ ಹಿಂದಿಯನ್ನು ಹೊಗಳಿದ ಏಕೈಕ ಮನುಷ್ಯ ಅವನು, ಬೇಸರ ಮಾಡಿಕೊಳ್ಳುವುದು ಹೇಗೆ? ಬೆವರ್ಲಿಯಮ್ಮ ಕರೆದೊಯ್ದ ಜಮೈಕಾದವರ ಅಂಗಡಿಯಲ್ಲಿ ನೀರುಹಲಸು ಸಿಕ್ಕಿತು. ನಮ್ಮ ಮನೆಯ ಹಿಂದಿನ ಮರದ್ದೇ ಕಾಯಿ ಎನ್ನುವಂತಿತ್ತು. ಅವರು ಅದನ್ನು ಇಡಿಯಾಗಿ ಸುಡುತ್ತಾರೆ. ನಾನು ಹೋಳು ಮಾಡಿ, ಮೆಣಸಿನ ಪುಡಿ, ರವೆ ಹಚ್ಚಿ ಕರಿದುಕೊಟ್ಟೆ. ಬೆವರ್ಲಿಯಮ್ಮ ಐದು ಹೋಳು ತಿಂದ ಮೇಲೆ, ಹಾಳುಮಾಡಿದ್ದೀ, ಆದರೂ ಅಡ್ಡಿಯಿಲ್ಲ ಎಂದರು.

ಊರಿನಿಂದ ಬರುವಾಗ ರೋಜಿ ಚಿಕ್ಕಿ ನನಗೊಂದು ಕೌದಿ ಕಟ್ಟಿ ಕೊಟ್ಟಿದ್ದಳು. ಚಿಕ್ಕಿ ನನ್ನ ಅಮ್ಮನ ತಂಗಿ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಸಿದ್ದಿ ಹೆಂಗಸರು ಕೌದಿ ಹೊಲಿಯುವ ಕ್ರಮ ಬೇರೆ. ಹಳೇ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ ತುಂಡು ಕೂರಿಸುತ್ತ ಒಳಗೆ ಬರುತ್ತಾರೆ. ನಡುವೆ ಅಂಗೈಯಗಲ ಉಳಿದಾಗ ಸೂಜಿ ನಿಲ್ಲಿಸಿ, ಅಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು, ಕೊನೆಯ ತುಂಡು ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಅದು ಖಾಲಿಯಿದ್ದರೆ ಹೊದ್ದವರಿಗೂ ಹಸಿವು ತಪ್ಪದು ಎಂದು ನಂಬಿಕೆ. ಆಮೇಲೆ ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೂ ಹಚ್ಚುತ್ತಾರೆ. ಹೂವಿಲ್ಲದ ಕೌದಿಯನ್ನು ಚಿಕ್ಕಿ ಬತ್ತಲೆ ಕೌದಿ ಎನ್ನುತ್ತಾಳೆ.

ಆ ಕೌದಿ ಬೆವರ್ಲಿಯಮ್ಮನ ಕಣ್ಣಿಗೆ ಬಿತ್ತು, ಅವರ ಚರ್ಚಿನ ಗೆಳತಿಯರ ಕಣ್ಣಿಗೆ ಬಿತ್ತು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು ಎಂದು ತರಿಸಿಕೊಟ್ಟೆ. ಇಲ್ಲಿ ಕಾಯಂ ಆಗಿ ಇರಬಹುದೆಂಬ ಕಾಗದ ಕೈಗೆ ಬಂದ ಮೇಲೆ ಅದನ್ನೇ ಸಣ್ಣ ವ್ಯಾಪಾರ ಮಾಡಿಕೊಂಡೆ. ಊರಲ್ಲಿ ಚಿಕ್ಕಿಯ ಜೊತೆ ಏಳು ಹೆಂಗಸರು ಸೇರಿದರು. ಶಿರಸಿಯ ಟೇಲರುಗಳಿಂದ ತುಂಡುಬಟ್ಟೆ, ಸಿದ್ದಾಪುರದ ಮನೆಗಳಿಂದ ಹಳೇ ಸೀರೆ ಬಸ್ಸಿನ ಮೇಲೆ ಬರುತ್ತಿದ್ದವು. ಆದರೆ ಕೆಲಸ ವರ್ಷಕ್ಕೆ ನಾಲ್ಕು ತಿಂಗಳಿನದು. ಉಳಿದ ತಿಂಗಳು ಅವರೆಲ್ಲ ಮಕ್ಕಳನ್ನು ಚಿಕ್ಕಿಯ ಹತ್ತಿರ ಬಿಟ್ಟು ಗೋವೆಗೆ ಕೂಲಿಗೆ ಹೋಗುವವರು. ಚಿಕ್ಕಿಗೆ ಮೊಣಕಾಲು ನೋವು, ಅವಳು ಹೋಗಲಾರಳು. ವರ್ಷವಿಡೀ ಹೊಲಿಗೆ ಸಿಕ್ಕರೆ ಯಾರೂ ಹೋಗಬೇಕಿಲ್ಲ, ಮಕ್ಕಳು ತಾಯಂದಿರ ಜೊತೆ ಇರುತ್ತವೆ. ನನಗೆ ಬೇಕಾಗಿದ್ದು ಅಷ್ಟೇ.

ಚರ್ಚಿನ ಫಲಕದಲ್ಲಿ ಆ ಚೀಟಿ ಕಂಡವರು ಬೆವರ್ಲಿಯಮ್ಮನೇ. ಕಪ್ಪು ಜನರ ಹೊಸ ಉದ್ದಿಮೆಗಳಿಗೆ ಬಂಡವಾಳ ಹೂಡುವ ಸ್ಪರ್ಧೆ. ತೀರ್ಪುಗಾರರ ಎದುರು ನಿಂತು ಐದು ನಿಮಿಷದಲ್ಲಿ ನಮ್ಮ ಕಸುಬಿನ ಕಥೆ ಹೇಳಿ ಒಪ್ಪಿಸಬೇಕು. ಇಲ್ಲಿಯವರು ಅದಕ್ಕೆ 'ಪಿಚ್' ಎನ್ನುತ್ತಾರೆ. ಕೂತಲ್ಲೇ ಅರ್ಜಿ ತೆಗೆದೆ. ನೀವು ಯಾರು ಎಂಬ ಕಾಲಮ್ಮಿನಲ್ಲಿ ಕಪ್ಪು ಆಫ್ರಿಕನ್, ಕಪ್ಪು ಕೆರಿಬಿಯನ್, ಕಪ್ಪು ಇತರೆ ಎಂದು ಚೌಕಗಳಿದ್ದವು. ಇಂಡಿಯನ್ ಎಂಬುದು ಬೇರೆಯೇ ಸಾಲಿನಲ್ಲಿತ್ತು. ಒಂದಕ್ಕೆ ಮಾತ್ರ ಗುರುತು ಹಾಕಬೇಕು.

ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ. ಆಫ್ರಿಕಾವನ್ನು ನಾನು ನಕಾಶೆಯಲ್ಲಿ ಬಿಟ್ಟರೆ ಕಂಡಿಲ್ಲ. ನಮ್ಮ ಹಿರಿಯರನ್ನು ಯಾರೋ ಗುಲಾಮರನ್ನಾಗಿ ಹಡಗಿನಲ್ಲಿ ತಂದು ಗೋವೆಯಲ್ಲಿ ಇಳಿಸಿದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದೆವು ಎಂಬುದಷ್ಟು ಗೊತ್ತು. ಅಲ್ಲಿಯವಳೆಂದು ಹೇಳಿಕೊಂಡು ಅವರ ಪಾಲಿನದನ್ನು ಕೇಳಲು ನನಗೇನು ಹಕ್ಕು? ಬೆವರ್ಲಿಯಮ್ಮ ಸಾರು ಕದಡುತ್ತಲೇ ಒಮ್ಮೆ ನನ್ನನ್ನೂ ಒಮ್ಮೆ ಅರ್ಜಿಯನ್ನೂ ನೋಡಿ, ನಿನ್ನ ಮನೆಯಲ್ಲಿ ಕನ್ನಡಿ ಇರಲಿಲ್ಲವೇ ಎಂದು ಕೇಳಿದರು. 'ಕಪ್ಪು ಇತರೆ' ಎಂಬಲ್ಲಿ ಗುರುತು ಹಾಕಿ, ಪಕ್ಕದ ಗೆರೆಯ ಮೇಲೆ 'ಸಿದ್ದಿ, ಯಲ್ಲಾಪುರ' ಎಂದು ಬರೆದೆ.

ಕರೆ ಬಂತು. ತೋರಿಸಲು ಹೊಸ ಕೌದಿಗಳು ಬೇಕು. ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಬರೆಯಲು ಈಗಲೂ ಮುಖ ಬಿಸಿಯಾಗುತ್ತದೆ. ಹಿಂದೊಮ್ಮೆ ಇಲ್ಲಿಯ ಅಂಗಡಿಯಾಕೆಯೊಬ್ಬಳು ಮೂಲೆಯ ಹೂಗಳನ್ನು ನೋಡಿ, ಇವನ್ನು ಕತ್ತರಿಸುವುದು ಮರೆತಿದ್ದೀರಾ ಎಂದಿದ್ದಳು. ಅದು ಮನಸ್ಸಿನಲ್ಲಿ ಕೂತಿತ್ತು. ಚಿಕ್ಕಿಗೆ ಫೋನು ಮಾಡಿ, ಈ ಸಲ ಹೂ ಬೇಡ, ಅಕ್ಕಿಯೂ ಬೇಡ, ಕಾಳಿಗೆ ಹುಳ ಹಿಡಿಯುತ್ತದೆ, ಹೊರದೇಶದ ಕಾಳು ತರಲು ಇಲ್ಲಿಯ ಕಾಯ್ದೆಯೂ ಒಪ್ಪುವುದಿಲ್ಲ ಎಂದೆ. ಕಾಯ್ದೆಯ ಮಾತು ನಿಜ. ಆದರೆ ನಾನು ಹೇಳಿದ್ದು ನಾಚಿಕೆಗೆ. ಚಿಕ್ಕಿ ಅಡ್ಡಿಲ್ಲೆ ಎಂದಳು.

ಆರು ಕೌದಿ ಬಂದವು. ನಾಲ್ಕು ಮೂಲೆ ಬೋಳು ಬೋಳು. ಬಣ್ಣಗಳೆಲ್ಲ ಇದ್ದವು, ಹೊಲಿಗೆ ಅದೇ ಕೈಯದು, ಆದರೂ ಬೇರೆ ಯಾರದೋ ಮನೆಯವು ಎನಿಸಿತು. ಹೇಳಿದ ಹಾಗೆ ಮಾಡಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡು ಇಸ್ತ್ರಿ ಹಾಕಿದೆ.

ಸ್ಪರ್ಧೆಯ ಸಭಾಂಗಣದಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಗಟ್ಟಿಗರು. ತಮ್ಮ ಅಜ್ಜಿ ಲಾಗೋಸಿನವಳು, ತಂದೆ ಬಾರ್ಬಡೋಸಿನವರು ಎಂದು ಊರಿನ ಹೆಸರಿನಿಂದಲೇ ಶುರುಮಾಡುತ್ತಿದ್ದರು. ನನ್ನ ಐದು ನಿಮಿಷ ಹೇಗೋ ಮುಗಿಸಿದೆ. ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಘಾನಾದಲ್ಲಿ ಹುಟ್ಟಿ ಇಲ್ಲಿ ಬಟ್ಟೆ ವ್ಯಾಪಾರದಲ್ಲಿ ಬೆಳೆದವರು. ಎದ್ದು ಬಂದು ಕೌದಿಯನ್ನು ಮೇಜಿನ ಮೇಲೆ ಹರಡಿ, ಅಂಚಿನಿಂದ ಒಳಗೆ ಬೆರಳಾಡಿಸುತ್ತ ಬಂದರು. ಹೊಲಿಗೆ ಹೋದ ದಾರಿಯಲ್ಲೇ ಬೆರಳು ಹೋಗುತ್ತಿತ್ತು. ನಟ್ಟನಡುವೆ ಬಂದು ನಿಂತಿತು. ಅಲ್ಲಿ ಏನೋ ಗಟ್ಟಿ ಸಿಗುತ್ತಿದೆಯಲ್ಲ, ಏನದು ಎಂದು ಕೇಳಿದರು.

ನಾನೂ ಮುಟ್ಟಿ ನೋಡಿದೆ. ನಾಲ್ಕು ಕಾಳು. ಉಳಿದ ಐದರಲ್ಲಿಯೂ ನಾಲ್ಕು ನಾಲ್ಕು. ಚಿಕ್ಕಿ ಹೂವನ್ನು ಬಿಟ್ಟಿದ್ದಳು, ಹೊಟ್ಟೆಯನ್ನು ಬಿಟ್ಟಿರಲಿಲ್ಲ. ಪಾರ್ಸೆಲ್ಲಿನ ಕಾಗದದ ಮೇಲೆ ಬಟ್ಟೆ ಮಾತ್ರ ಎಂದು ನಾನೇ ಬರೆಸಿದ್ದೆ. ದಾರದ ಗಂಟು ಎಂದು ಹೇಳಿದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು.

ಅಕ್ಕಿ ಎಂದೆ. ಹೊದ್ದವರು ಹಸಿದು ಮಲಗಬಾರದೆಂದು ನಮ್ಮವರು ಇಡುತ್ತಾರೆ, ಇಡಬೇಡ ಎಂದು ನಾನೇ ಹೇಳಿದ್ದೆ, ನನ್ನ ಚಿಕ್ಕಿ ಕೇಳಲಿಲ್ಲ. ಯಾಕೆ ಬೇಡವೆಂದಿರಿ ಎಂದು ಅವರು ಕೇಳಿದರು. ನೀವು ನಗುತ್ತೀರಿ ಎಂದುಕೊಂಡೆ ಎಂದೆ. ಮೂಲೆಗಳಲ್ಲಿ ಹೂ ಇರಬೇಕಿತ್ತು, ಅದನ್ನೂ ನಾನೇ ತೆಗೆಸಿದೆ ಎಂದೂ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಆಮೇಲೆ ನಾನು ಅಷ್ಟು ದಿನ ಹೆದರಿದ್ದ ಪ್ರಶ್ನೆ ಬಂತು. ನಿಮ್ಮ ಹಿರಿಯರು ಆಫ್ರಿಕಾದಲ್ಲಿ ಯಾವ ಊರಿನವರು?

"ಗೊತ್ತಿಲ್ಲ ಸರ್," ಎಂದೆ. "ನಮಗೆ ಹೇಳಲು ಯಾರೂ ಉಳಿದಿರಲಿಲ್ಲ. ನನಗೆ ಗೊತ್ತಿರುವ ಊರು ಯಲ್ಲಾಪುರ ಒಂದೇ."

ಹಿಂದಿನ ಸಾಲಿನಲ್ಲಿದ್ದ ಬೆವರ್ಲಿಯಮ್ಮ, ನಮ್ಮಲ್ಲೂ ಅಷ್ಟೇ, ಯಾರಿಗೂ ಗೊತ್ತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸಭಾಂಗಣದಲ್ಲಿ ಹಲವು ತಲೆಗಳು ಆಡಿದವು. ಆ ಹಿರಿಯರು ಕೌದಿಯನ್ನು ಹೊರಳಿಸದೆ, ಹೊಟ್ಟೆ ಮೇಲೆ ಬರುವಂತೆ ಮಡಚಿ ನನ್ನ ಕೈಗಿಟ್ಟರು. ನನ್ನನ್ನು ಆಗ ಎಲ್ಲರೂ ನೋಡುತ್ತಿದ್ದರು. ಹುಬ್ಬಳ್ಳಿ ಬಸ್ಸಿನವರ ಹಾಗೆ ಅಲ್ಲ.

ಮೊದಲ ಸ್ಥಾನ ಸಿಕ್ಕಿದ್ದು ಕೂದಲಿನ ಎಣ್ಣೆ ಮಾಡುವ ಹುಡುಗಿಗೆ, ಅದಕ್ಕೆ ಅವಳು ಅರ್ಹಳೇ. ನಮ್ಮ ಕೌದಿಗೂ ಬಂಡವಾಳ ಕೊಟ್ಟರು. ಎರಡು ಷರತ್ತು ಹಾಕಿದರು. ಹೂ ವಾಪಸು ಬರಬೇಕು. ಅಕ್ಕಿ ಇರಲಿ, ಆದರೆ ಕಾಯ್ದೆ ಮೀರಬಾರದು. ಅದಕ್ಕೆ ದಾರಿ ಹೇಳಿದವಳು ಚಿಕ್ಕಿಯೇ. ಈಗ ಕೌದಿಗಳು ಯಲ್ಲಾಪುರದಿಂದ ನಡುವೆ ಅಂಗೈಯಗಲ ತೆರೆದೇ ಬರುತ್ತವೆ. ಇಲ್ಲಿಯ ಅಂಗಡಿಯ ಅಕ್ಕಿ ನಾಲ್ಕು ಕಾಳು ಇಟ್ಟು ನಾನೂ ಬೆವರ್ಲಿಯಮ್ಮನೂ ಕೂತು ಹೊಟ್ಟೆ ಮುಚ್ಚುತ್ತೇವೆ. ಅವರ ಹೊಲಿಗೆ ಸೊಟ್ಟ, ಹೇಳಿದರೆ ಸಿಟ್ಟು ಬರುತ್ತದೆ. ಏಳು ಹೆಂಗಸರಲ್ಲಿ ಯಾರೂ ಈ ವರ್ಷ ಗೋವೆಗೆ ಹೋಗಿಲ್ಲ. ಇದನ್ನು ಬರೆಯುವಾಗ ಕಣ್ಣು ತುಂಬುತ್ತದೆ. ನನ್ನನ್ನು ಯಾರೆಂದು ಕೇಳದೆ ಬೀಗದ ಕೈ ಕೊಟ್ಟ ಇಸಳೂರಿನ ಅಮ್ಮನಿಗೂ, ಯಾರೆಂದು ಕೇಳಿ ಗೊತ್ತಿಲ್ಲ ಎಂಬ ಉತ್ತರವನ್ನು ಒಪ್ಪಿಕೊಂಡ ಈ ಊರಿಗೂ ನಾನು ಋಣಿ.

ಕಳೆದ ರಜೆಗೆ ಊರಿಗೆ ಹೋಗಿದ್ದೆ. ಬಸ್ಸಿನಲ್ಲಿ ಕತ್ತುಗಳು ಮೊದಲಿನಂತೆಯೇ ತಿರುಗಿದವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಯಾವ ದೇಶ ಎಂದು ಕೇಳಿದಳು. ಇಲ್ಲೇ ಯಲ್ಲಾಪುರ ಎಂದೆ. ನಂಬಿದಳು, ನಂಬಿ, ಈಗ ಇರುವುದು ಎಲ್ಲಿ ಎಂದಳು.

ಹೊರಡುವ ದಿನ ಚಿಕ್ಕಿ ಹೊಸ ಕೌದಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಾರುವುದಲ್ಲ, ನನಗೆಂದೇ ಹೊಲಿದದ್ದು. ಅಮ್ಮನ ಸೀರೆಯ ಕೆಂಪಂಚು ಸುತ್ತಲೂ ಬಂದಿತ್ತು, ನಾಲ್ಕು ಮೂಲೆಗೂ ಹೂವಿತ್ತು. ನಡುವೆ ಮಾತ್ರ ತೆರೆದಿತ್ತು. ಮಾರುವ ಕೌದಿಯೊಂದಿಗೆ ಗೊಂದಲ ಮಾಡಿಕೊಂಡಿದ್ದಾಳೆ ಎಂದುಕೊಂಡು, ಇದು ನನ್ನದಲ್ಲವೇ, ಇದರ ಹೊಟ್ಟೆಯನ್ನು ನೀನೇ ಮುಚ್ಚಬಹುದಿತ್ತಲ್ಲ ಎಂದೆ.

ಚಿಕ್ಕಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ನಿಂದು ಎಲ್ಲಿಯ ಅಕ್ಕಿ ಹಾಕಿ ಮುಚ್ಚವು ಹೇಳಿ ಗೊತ್ತಾಗ್ಲಿಲ್ಲೆ, ತಂಗಿ," ಎಂದಳು. "ನೀನೇ ಮುಚ್ಕ."

ಅದನ್ನು ಇಲ್ಲಿಗೆ ತಂದಿದ್ದೇನೆ. ದಿನಾ ಹೊದೆಯುತ್ತೇನೆ, ಬೆಚ್ಚಗಿರುತ್ತದೆ. ಸೂಜಿ ಪೋಣಿಸಿ ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ನಡುವೆ ಅಂಗೈಯಗಲ ಇನ್ನೂ ತೆರೆದೇ ಇದೆ.